ಕಥೆ ಕಳಿಸುವ ಮುನ್ನ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ವಿಶೇಷಾಂಕಗಳ ಕಾಲ ಹತ್ತಿರ ಬಂದಂತೆಲ್ಲ ಕಥಾಸ್ಪರ್ಧೆಗಳ ಬಗ್ಗೆ ಕೇಳುವ ಪತ್ರಗಳೂ ಹೆಚ್ಚುತ್ತವೆ. ಒಬ್ಬಿಬ್ಬರು ಸೇರಿ ಚಂದಾ ಹಣದಲ್ಲಿ ನಡೆಸುವ ಸಣ್ಣ ಸಾಹಿತ್ಯ ಪತ್ರಿಕೆಗಳಿಗೆ ಕಥೆ ಕಳಿಸುವವರ ಪ್ರಶ್ನೆಗಳನ್ನು ಈ ಸಲ ಆರಿಸಿದ್ದೇವೆ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಮೇಲ್ ಮಾಡಿದ ಕಥೆ ತಮಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದೆ ಎಂದು ಪತ್ರಿಕೆಯವರು ಬರೆದಿದ್ದಾರೆ. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆಯಲ್ಲ? (ಶಿರಸಿ)

ನಿಮ್ಮಲ್ಲಿ ಆ ಫಾಂಟ್ ಇದೆ, ಅವರಲ್ಲಿ ಇಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಡೆ ತೆರೆದರೆ ಒಳಗಿನ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಫೈಲನ್ನು ಯೂನಿಕೋಡಿಗೆ, ಅಂದರೆ ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ವ್ಯವಸ್ಥೆಗೆ, ಬದಲಾಯಿಸಿ ಕಳಿಸಿ. ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ.

ಬದಲಾಯಿಸಿದ ಮೇಲೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದಲೇಬೇಕು. ಹೆಚ್ಚಿನವರು ಇದನ್ನೇ ಬಿಡುತ್ತಾರೆ. ಕಥೆಯ ನಡುವೆ ಇಂಗ್ಲಿಷಿನಲ್ಲೇ ಟೈಪ್ ಮಾಡಿದ ಪದಗಳಿದ್ದರೆ ಅವೂ ಕನ್ನಡವಾಗಲು ಹೋಗಿ ಅರ್ಥಹೀನ ಅಕ್ಷರಗಳಾಗಿರುತ್ತವೆ. ಉದ್ಧರಣ ಚಿಹ್ನೆಗಳು, ಅಡ್ಡಗೆರೆಗಳು ಬೇರೇನೋ ಆಗಿರಬಹುದು. ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗಿರುತ್ತದೆ, ‘ರ‍್ಯಾಂಕ್’ ಹೋಗಿ ‘ರ್ಯಾಂಕ್’. ಅಕ್ಷರಗಳು ಹೀಗೆ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತೊಂದು ನಡುವೆ ಇರಬೇಕಿತ್ತು, ಅದು ಉದುರಿಹೋಗಿದೆ ಎಂದರ್ಥ.

ಕಳಿಸುವಾಗ ವರ್ಡ್ ಫೈಲ್ ಮತ್ತು ಪಿಡಿಎಫ್ ಎರಡನ್ನೂ ಲಗತ್ತಿಸಿ. ಪುಟ ಕಟ್ಟಲು ವರ್ಡ್ ಬೇಕು, ನೀವು ಬರೆದದ್ದು ಹೇಗಿತ್ತು ಎಂದು ತಾಳೆ ನೋಡಲು ಪಿಡಿಎಫ್ ಬೇಕು. ಪಿಡಿಎಫ್ ಒಂದನ್ನೇ ಕಳಿಸಿದರೆ ಅದರಿಂದ ಕನ್ನಡವನ್ನು ಕಾಪಿ ಮಾಡುವಾಗ ಒತ್ತಕ್ಷರಗಳು ದಿಕ್ಕಾಪಾಲಾಗುತ್ತವೆ, ಯಾರೋ ಕೂತು ಮತ್ತೆ ಟೈಪ್ ಮಾಡಬೇಕಾಗುತ್ತದೆ. ಕವಿತೆಗಳಿಗಂತೂ ಪಿಡಿಎಫ್ ಇರಲೇಬೇಕು. ವಾಟ್ಸ್ಆ್ಯಪಿನಿಂದ ಎತ್ತಿ ಅಂಟಿಸಿದ ಕವಿತೆಯಲ್ಲಿ ಸಾಲು ಎಲ್ಲಿ ಮುರಿದಿದೆ, ಚರಣ ಎಲ್ಲಿ ಮುಗಿದಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಮಿತಿ 2,500 ಪದ. ನನ್ನ ಕಥೆ 2,700 ಆಗಿದೆ. ನಡೆಯುತ್ತದೆಯೇ? (ಬಳ್ಳಾರಿ)

ಇಲ್ಲ. ಮೊದಲ ಜರಡಿ ಹಿಡಿಯುವವರ ಕೆಲಸವೇ ನಿಯಮ ನೋಡುವುದು. ಕಥೆ ತೀರ್ಪುಗಾರರವರೆಗೆ ಹೋಗುವುದೇ ಇಲ್ಲ. ಎರಡು ಖಾಲಿ ಜಾಗಗಳ ನಡುವೆ ಇರುವುದೆಲ್ಲ ವರ್ಡಿನ ಲೆಕ್ಕದಲ್ಲಿ ಒಂದು ಪದ. ‘ಹೋಗಿ ಬಿಟ್ಟಿದ್ದಾನೆ’ ಎಂದರೆ ಎರಡು, ‘ಹೋಗಿಬಿಟ್ಟಿದ್ದಾನೆ’ ಎಂದರೆ ಒಂದು. ಬಿಡಿಬಿಡಿಯಾಗಿ ಹಾಕಿದ ಚುಕ್ಕಿಗಳೂ ಪದಗಳಾಗಿ ಎಣಿಕೆಗೆ ಸೇರುತ್ತವೆ. ಕೂಡಿಸಿ ಬರೆಯಬೇಕಾದ್ದನ್ನು ಕೂಡಿಸಿ, ಬೇಡದ ಚುಕ್ಕಿಗಳನ್ನು ತೆಗೆಯಿರಿ. ಉಳಿದದ್ದನ್ನು ಕತ್ತರಿಸಲೇಬೇಕು. ಮೊದಲ ಪುಟದಿಂದ ಶುರುಮಾಡಿ. ಬೆಳಗಾಯಿತು, ಕಾಫಿ ಆಯಿತು, ಬಸ್ಸು ಬಂತು ಎಂಬಲ್ಲೇ ಇನ್ನೂರು ಪದ ಸಿಗುವುದುಂಟು.

ಪ್ರತಿಯಲ್ಲಿ ಹೆಸರಿರಬಾರದು ಎಂದಿತ್ತು. ಹಾಕಿರಲಿಲ್ಲ. ಆದರೂ ‘ಗುರುತು ಬಯಲಾಗಿದೆ’ ಎಂದು ಕೈಬಿಟ್ಟರು. (ತುಮಕೂರು)

ಫೈಲಿನ ಹೆಸರಲ್ಲಿ ನೋಡಿ, ಪ್ರತಿ ಪುಟದ ತಲೆಯ ಮೇಲೆ ನೋಡಿ. ಅಲ್ಲೆಲ್ಲೂ ಇಲ್ಲದಿದ್ದರೆ ಫೈಲಿನ ಗುಣವಿವರಗಳಲ್ಲಿ ಇರುತ್ತದೆ. ಕಂಪ್ಯೂಟರಿಗೆ ಕೊಟ್ಟ ಹೆಸರನ್ನು ವರ್ಡ್ ತಾನಾಗಿಯೇ ಲೇಖಕರ ಜಾಗದಲ್ಲಿ ತುಂಬಿಕೊಳ್ಳುತ್ತದೆ. ವರ್ಡಿನಲ್ಲಿ ಫೈಲ್, ಇನ್ಫೋ, ಚೆಕ್ ಫಾರ್ ಇಶ್ಯೂಸ್, ಇನ್‌ಸ್ಪೆಕ್ಟ್ ಡಾಕ್ಯುಮೆಂಟ್ ಎಂದು ಒಂದೊಂದಾಗಿ ಒತ್ತಿ ವೈಯಕ್ತಿಕ ಮಾಹಿತಿ ತೆಗೆದುಹಾಕಿ. ಪಿಡಿಎಫ್ ಮಾಡುವುದು ಅದಾದ ಮೇಲೆ. ಗೂಗಲ್ ಡಾಕ್ಸಿನ ಕೊಂಡಿ ಕಳಿಸಬೇಡಿ. ಅಲ್ಲಿ ಮಾಲೀಕರ ಹೆಸರು ಕಾಣುವ ಸಾಧ್ಯತೆ ಇರುತ್ತದೆ, ಅನುಮತಿ ಕೊಡದಿದ್ದರೆ ತೆರೆಯುವುದೂ ಇಲ್ಲ. ಹೆಸರು, ವಿಳಾಸ, ಫೋನ್, ನಾಲ್ಕು ಸಾಲಿನ ಪರಿಚಯ ಪ್ರತ್ಯೇಕ ಪುಟದಲ್ಲಿರಲಿ.

ಕಥೆಯನ್ನು ಫೇಸ್‌ಬುಕ್ಕಿನಲ್ಲಿ ಹಾಕಿ ಮರುದಿನವೇ ಅಳಿಸಿದ್ದೆ. ಅದನ್ನು ಸ್ಪರ್ಧೆಗೆ ಕಳಿಸಬಹುದೇ? ಒಟ್ಟಿಗೇ ಎರಡು ಕಡೆ ಕಳಿಸಿದರೆ ತಪ್ಪೇ? (ಮಸ್ಕತ್)

‘ಎಲ್ಲೂ ಪ್ರಕಟವಾಗಿರಬಾರದು’ ಎಂಬ ನಿಯಮದಲ್ಲಿ ಬ್ಲಾಗ್, ಫೇಸ್‌ಬುಕ್, ಕಥೆಗಳ ಜಾಲತಾಣ ಪ್ರತಿಲಿಪಿ ಎಲ್ಲ ಸೇರಿವೆ ಎಂದೇ ತಿಳಿಯಿರಿ. ಅಳಿಸಿದರೂ ಯಾರದೋ ಫೋನಿನಲ್ಲಿ ಅದರ ಚಿತ್ರ ಉಳಿದಿರುತ್ತದೆ, ಬಹುಮಾನ ಬಂದ ಮಾರನೆಯ ದಿನ ಹೊರಗೆ ಬರುತ್ತದೆ. ಪತ್ರಿಕೆಗೆ ಮೊದಲೇ ತಿಳಿಸಿ ಕೇಳಿ. ಕೆಲವರು ಒಪ್ಪುತ್ತಾರೆ.

ಸ್ಪರ್ಧೆ ಎಂದ ಮೇಲೆ ಎರಡು ಕಡೆ ಕಳಿಸಲೇಬಾರದು. ‘ಸ್ವಂತ ರಚನೆ, ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ’ ಎಂದು ನೀವೇ ಸಹಿ ಮಾಡಿಕೊಟ್ಟಿರುತ್ತೀರಿ. ಸ್ಪರ್ಧೆ ಅಲ್ಲದಿದ್ದರೆ, ಪತ್ರಿಕೆ ಬೇಡ ಎನ್ನದಿದ್ದರೆ, ತಿಳಿಸಿ ಕಳಿಸಬಹುದು. ಒಂದು ಕಡೆ ಸ್ವೀಕೃತವಾದರೆ ಅಂದೇ ಇನ್ನೊಂದು ಕಡೆಯಿಂದ ವಾಪಸ್ ಪಡೆಯಿರಿ. ತ್ರೈಮಾಸಿಕದ ಪುಟ ಕಟ್ಟಿ ಅಚ್ಚಿಗೆ ಕೊಟ್ಟ ಮೇಲೆ ಒಂದು ಕಥೆ ತೆಗೆಯುವುದೆಂದರೆ ಆ ಸಂಚಿಕೆಯನ್ನೇ ಮತ್ತೆ ಜೋಡಿಸಿದಂತೆ.

‘ಬಹುಮಾನಿತ ಕಥೆಗಳ ಹಕ್ಕು ಪತ್ರಿಕೆಯದು’ ಎಂಬ ಸಾಲು ನೋಡಿ ಹೆದರಿದ್ದೇನೆ. ನಾಳೆ ನನ್ನ ಸಂಕಲನದಲ್ಲಿ ಸೇರಿಸುವಂತಿಲ್ಲವೇ? (ಧಾರವಾಡ)

ಹೆದರುವುದು ಬೇಡ, ಕೇಳುವುದು ಬೇಕು. ಯಾವ ಹಕ್ಕು, ಎಷ್ಟು ಕಾಲ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ನೋಂದಣಿ ಬೇಕಿಲ್ಲ. ಅದನ್ನು ಬೇರೆಯವರಿಗೆ ವಹಿಸಿಕೊಡಬೇಕಾದರೆ ನಿಮ್ಮ ಸಹಿ ಇರುವ ಬರಹ ಬೇಕು ಎಂದು 19ನೇ ಕಲಮು ಹೇಳುತ್ತದೆ. ಅದರಲ್ಲಿ ಅವಧಿ ಬರೆದಿಲ್ಲದಿದ್ದರೆ 5 ವರ್ಷ, ಪ್ರದೇಶ ಬರೆದಿಲ್ಲದಿದ್ದರೆ ಭಾರತದ ಮಟ್ಟಿಗೆ ಎಂದು ಭಾವಿಸಲಾಗುತ್ತದೆ. ಪ್ರವೇಶಪತ್ರದ ಕೆಳಗೆ ‘ನಿಯಮಗಳಿಗೆ ಒಪ್ಪಿದ್ದೇನೆ’ ಎಂದು ಹಾಕುವ ಸಹಿಯೂ ಸಹಿಯೇ, ಆದ್ದರಿಂದ ಅದರ ಮೊದಲು ಕೇಳಿ.

ಸಣ್ಣ ಪತ್ರಿಕೆಗೆ ನಿಜಕ್ಕೂ ಬೇಕಿರುವುದು ಮೊದಲು ಪ್ರಕಟಿಸುವ ಹಕ್ಕು, ಬಹುಮಾನಿತ ಕಥೆಗಳ ಒಂದು ಪುಸ್ತಕ ತರುವ ಹಕ್ಕು, ಜಾಲತಾಣದಲ್ಲಿ ಹಾಕುವ ಅನುಮತಿ. ಅಷ್ಟನ್ನು ಕೊಡಿ. ಅನುವಾದ, ಸಿನಿಮಾ, ಆಡಿಯೊ ಹಕ್ಕುಗಳನ್ನೂ ಕೇಳಿದರೆ ನಮ್ಮ ಸಲಹೆ: ಆ ಸ್ಪರ್ಧೆಯ ಸಹವಾಸವೇ ಬೇಡ. ನೀವೇ ಅನುವಾದ ಕಳಿಸುವುದಾದರೆ ಮೂಲ ಲೇಖಕರ ಲಿಖಿತ ಅನುಮತಿ ಜೊತೆಗಿರಲಿ. ಭಾರತದಲ್ಲಿ ಲೇಖಕರು ತೀರಿಹೋದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. 1964ರಲ್ಲಿ ತೀರಿಹೋದವರ ಬರಹ ಮುಕ್ತವಾದದ್ದು 2025ರ ಜನವರಿ 1ಕ್ಕೆ.

ಸಂಭಾಷಣೆ ಪೂರಾ ಕುಂದಾಪುರದ ಮಾತಿನಲ್ಲಿದೆ. ಕಂಸದಲ್ಲಿ ಅರ್ಥ ಕೊಡಲೇ? (ಬೈಂದೂರು)

ಬೇಡ. ಸಂದರ್ಭದಲ್ಲೇ ತಿಳಿಯುತ್ತದೆ. ‘ಹೋಯ್ಕ್’ ಎಂದು ಒಂದು ಕಡೆ, ‘ಹೋಯ್ಕು’ ಎಂದು ಇನ್ನೊಂದು ಕಡೆ ಬರೆಯಬೇಡಿ, ಕರಡು ತಿದ್ದುವವರು ಎರಡನ್ನೂ ‘ಹೋಗಬೇಕು’ ಮಾಡಿಬಿಟ್ಟಾರು. ‘ಆಡುಮಾತು ಉದ್ದೇಶಪೂರ್ವಕ, ತಿದ್ದಬೇಡಿ’ ಎಂದು ಪರಿಚಯ ಪುಟದಲ್ಲಿ ಬರೆಯಿರಿ. ನಿರೂಪಣೆಯಲ್ಲಿ ಅಕಾರ–ಹಕಾರ, ಶ–ಷ ತಪ್ಪುಗಳಿದ್ದರೆ ಮಾತ್ರ ಯಾವ ಉದ್ದೇಶವೂ ಕಾಪಾಡುವುದಿಲ್ಲ.

ಕೈಬರಹದಲ್ಲಿ ಕಳಿಸಬಹುದೇ? (ಸಿಂದಗಿ)

ಪತ್ರಿಕೆ ಬೇಡ ಎನ್ನದಿದ್ದರೆ ಸರಿ. ಹಾಳೆಯ ಒಂದೇ ಮಗ್ಗುಲಲ್ಲಿ, ಎಡಗಡೆ ಅಂಚು ಬಿಟ್ಟು, ಪುಟಸಂಖ್ಯೆ ಹಾಕಿ ಬರೆಯಿರಿ. ಜೆರಾಕ್ಸ್ ಇಟ್ಟುಕೊಳ್ಳಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಹಾಗಾಗಿ ಕೌಂಟರಿನಲ್ಲಿ ಸ್ಪೀಡ್ ಪೋಸ್ಟನ್ನೇ ಕೇಳಿ. ಕೊನೆಯ ದಿನಾಂಕ ಅಂಚೆಗೆ ಹಾಕಲೋ, ಅವರಿಗೆ ತಲುಪಲೋ ಎಂಬುದನ್ನು ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ನಾಲ್ಕು ತಿಂಗಳಾಯಿತು, ಉತ್ತರವಿಲ್ಲ. (ಹಾಸನ)

ವಿಷಾದಪತ್ರ ಕಳಿಸುವ ಪದ್ಧತಿ ಈಗ ಅಪರೂಪ. ಕಥೆಯ ಹೆಸರು, ಕಳಿಸಿದ ದಿನಾಂಕ ಬರೆದು ಒಂದೇ ಒಂದು ನೆನಪೋಲೆ ಹಾಕಿ. ಹದಿನೈದು ದಿನ ನೋಡಿ, ‘ಕಥೆಯನ್ನು ವಾಪಸ್ ಪಡೆದಿದ್ದೇನೆ’ ಎಂದು ತಿಳಿಸಿ ಬೇರೆ ಪತ್ರಿಕೆಗೆ ಕಳಿಸಿ. ಸಂಪಾದಕರಿಗೆ ರಾತ್ರಿ ಫೋನ್ ಮಾಡಬೇಡಿ.