ಲೈಬ್ರರಿಗೆ ಲೇಖಕರು ಬರಲಿ ಬಿಡಿ

ಓದುಗರ ಪತ್ರ: "ನಾನು ನಿವೃತ್ತ ಬ್ಯಾಂಕ್ ನೌಕರ. ನಮ್ಮ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ದಿನಾ ಹೋಗುತ್ತೇನೆ. ಈಚೆಗೆ ಅಲ್ಲಿ ತಿಂಗಳಿಗೊಂದು ಭಾನುವಾರ ‘ಲೇಖಕರೊಂದಿಗೆ ಸಂವಾದ’ ಅಂತ ಶುರು ಮಾಡಿದ್ದಾರೆ. ಮೈಕು, ಕುರ್ಚಿ ಎಳೆಯುವ ಸದ್ದು, ಚಪ್ಪಾಳೆ. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು ಪುಸ್ತಕ ಎತ್ತಿಕೊಂಡು ಹೊರಗೆ ಹೋಗಬೇಕು. ಲೇಖಕರ ಮಾತು ಕೇಳಬೇಕು ಅನ್ನುವವರಿಗೆ ಸಾಹಿತ್ಯ ಸಮ್ಮೇಳನವಿದೆ, ಯೂಟ್ಯೂಬ್ ಇದೆ. ಗ್ರಂಥಾಲಯ ಇರುವುದು ಮೌನವಾಗಿ ಓದುವುದಕ್ಕೆ. ಇದನ್ನು ನಿಲ್ಲಿಸಿ ಎಂದು ನಿಮ್ಮ ಪತ್ರಿಕೆಯಲ್ಲಿ ಬರೆಯಿರಿ. ನನ್ನ ಹೆಸರು, ಊರು ಹಾಕಬೇಡಿ."

ಸಂಪಾದಕರ ಉತ್ತರ:

ಮಾನ್ಯರೇ,

ದಿನಾ ಲೈಬ್ರರಿಗೆ ಹೋಗುವವರ ಪತ್ರ ಬಂದರೆ ನನಗೆ ಮೊದಲು ಖುಷಿಯಾಗುತ್ತದೆ. ಪತ್ರದಲ್ಲಿ ಏನಿದೆ ಅಂತ ನೋಡುವುದು ಆಮೇಲೆ. ನಿಮ್ಮ ಪತ್ರವನ್ನೂ ಹಾಗೇ ಓದಿದೆ. ಆದರೆ ನಿಮ್ಮ ಬೇಡಿಕೆಗೆ ಹೂಂ ಅನ್ನಲಾರೆ. ನಿಲ್ಲಿಸಿ ಎಂದು ನಾವು ಬರೆಯುವುದಿಲ್ಲ. ತಿಂಗಳಿಗೆ ಒಂದು ಸಾಲದು, ಎರಡು ಮಾಡಿ ಎಂದು ಬರೆಯುತ್ತೇವೆ.

ನಿಮ್ಮ ದೂರಿನಲ್ಲಿ ನ್ಯಾಯವಿದೆ. ಪರೀಕ್ಷೆಗೆ ಓದುವ ಮಕ್ಕಳ ಕಷ್ಟ ನನಗೂ ಗೊತ್ತು. ಬಾಡಿಗೆ ರೂಮಿನಲ್ಲಿ ನಾಲ್ಕು ಜನ ಇರುತ್ತಾರೆ. ಮೇಜು, ಫ್ಯಾನು, ಸದ್ದಿಲ್ಲದ ಜಾಗ ಅಂತ ಸಿಗುವುದು ಲೈಬ್ರರಿಯಲ್ಲೇ. ಅವರನ್ನು ಎಬ್ಬಿಸಿ ಕಾರ್ಯಕ್ರಮ ಮಾಡುವುದು ಸರಿಯಲ್ಲ. ಅವರಿಗೆ ಒಂದು ಕೋಣೆ ಬಿಟ್ಟುಕೊಡಬೇಕು, ಇಲ್ಲವೇ ಸಂವಾದವನ್ನು ವರಾಂಡಕ್ಕೆ ಒಯ್ಯಬೇಕು. ಇಪ್ಪತ್ತು ಮೂವತ್ತು ಜನ ಸುತ್ತ ಕೂತು ಮಾತಾಡುವಾಗ ಮೈಕಿನ ಅಗತ್ಯವೂ ಇಲ್ಲ. ಇಷ್ಟನ್ನು ನಿಮ್ಮ ಪರವಾಗಿ ಒಪ್ಪಿದೆ.

ಆದರೆ ಓದು ಅಂದರೆ ಮೌನ ಎಂದು ನಿಮಗೆ ಯಾರು ಹೇಳಿದರು? ನಮ್ಮ ನಾಡಿನಲ್ಲಿ ಓದು ಹಾಗೆ ಬೆಳೆದಿಲ್ಲ. ಅಕ್ಷರವೇ ಬಾರದ ರೈತರಿಗೂ ಕುಮಾರವ್ಯಾಸನ ಕರ್ಣ ಗೊತ್ತಿದ್ದ. ಊರ ಚಾವಡಿಯಲ್ಲಿ, ಗುಡಿಯ ಜಗಲಿಯಲ್ಲಿ ಗಮಕಿಗಳು ಪದ್ಯ ಓದುತ್ತಿದ್ದರು. ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಿದ್ದರು. ಕೇಳುವವರು ನಡುವೆ ಬಾಯಿ ಹಾಕುತ್ತಿದ್ದರು, ಜಗಳವಾಡುತ್ತಿದ್ದರು, ಅಳುತ್ತಿದ್ದರು. ಪುಸ್ತಕವೊಂದು ಊರಿನದಾಗುವುದು ಹೀಗೆ. ಆಮೇಲಿನ ಕಾಲದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಓದುಗರು ತಾವಾಗಿ ಬರಲಿ ಎಂದು ಅವರು ಮನೆಯಲ್ಲಿ ಕೂರಲಿಲ್ಲ. ಲೇಖಕರು ಓದುಗರ ಎದುರು ನಿಲ್ಲುವುದು ಇವತ್ತಿನ ಫ್ಯಾಷನ್ ಅಲ್ಲ, ನಮ್ಮ ಹಳೆಯ ರೂಢಿ.

ಗ್ರಂಥಾಲಯ ಶಾಸ್ತ್ರದವರ ಮಾತೇ ಬೇಕು ಎಂದರೆ ಎಸ್. ಆರ್. ರಂಗನಾಥನ್ ಅವರನ್ನು ಕೇಳೋಣ. ಇಡೀ ಜಗತ್ತಿನ ಗ್ರಂಥಪಾಲಕರು ಗೌರವಿಸುವ ಹೆಸರು ಅದು. ಅವರು ತೀರಿಕೊಂಡದ್ದೂ 1972ರಲ್ಲಿ ನಮ್ಮ ಬೆಂಗಳೂರಿನಲ್ಲೇ. 1931ರಲ್ಲಿ ಅವರು ಐದು ಸೂತ್ರಗಳನ್ನು ಪ್ರಕಟಿಸಿದರು. ಮೊದಲನೆಯದು, ಪುಸ್ತಕ ಇರುವುದು ಬಳಕೆಗೆ. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಈ ಮೂರನೆಯದನ್ನು ನಾವೆಲ್ಲ ಮರೆತಿದ್ದೇವೆ. ಕಪಾಟಿನಲ್ಲಿ ಬೆನ್ನು ತೋರಿಸಿ ನಿಂತ ಪುಸ್ತಕ ತಾನಾಗಿ ಓದುಗನನ್ನು ಹುಡುಕಿಕೊಳ್ಳಲಾರದು, ಅಲ್ವಾ? ಅದಕ್ಕೆ ಕಪಾಟು ತೆರೆದಿರಬೇಕು, ಪುಸ್ತಕದ ಬಗ್ಗೆ ಪ್ರಚಾರ ಆಗಬೇಕು, ಉಪನ್ಯಾಸ, ಓದುವ ಬಳಗ ಇವೆಲ್ಲ ಲೈಬ್ರರಿಯ ಕೆಲಸವೇ ಎಂಬುದು ರಂಗನಾಥನ್ ಅವರ ನಿಲುವು. ನಿಮ್ಮ ಊರಿನ ಗ್ರಂಥಪಾಲಕರು ಮಾಡುತ್ತಿರುವುದು ಅದನ್ನೇ.

ಒಂದು ಸಂಗತಿ ಹೇಳುತ್ತೇನೆ. ಒಂದು ತಾಲ್ಲೂಕು ಕೇಂದ್ರದ ಲೈಬ್ರರಿಯಲ್ಲಿ ಕಾದಂಬರಿಕಾರ್ತಿಯೊಬ್ಬರ ಜೊತೆ ಸಂವಾದವಿತ್ತು, ನಾನೂ ಹೋಗಿದ್ದೆ. ವೇದಿಕೆ ಇರಲಿಲ್ಲ. ಪೇಪರ್ ಓದುವ ಉದ್ದ ಮೇಜನ್ನು ಗೋಡೆಗೆ ಸರಿಸಿ ಕುರ್ಚಿಗಳನ್ನು ಸುತ್ತ ಹಾಕಿದ್ದರು. ಟೈಲರಿಂಗ್ ಮಾಡುವ ಹೆಂಗಸೊಬ್ಬರು ಲೈಬ್ರರಿಯ ಪ್ರತಿಯನ್ನೇ ಹಿಡಿದು ಬಂದಿದ್ದರು. ಪುಟಗಳ ನಡುವೆ ಗುರುತಿಗೆ ಬಟ್ಟೆಯ ಚೂರುಗಳನ್ನು ಇಟ್ಟಿದ್ದರು, ಒಂದು ಕೆಂಪು, ಒಂದು ಹೂವಿನ ಚಿತ್ತಾರದ್ದು. ಅವರು ಎದ್ದು ಕೇಳಿದ್ದು ಇಷ್ಟೇ: "ಮೇಡಂ, ಈ ಸೊಸೆ ತವರಿಗೆ ಹೋದಳು ಅಂತ ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಅಲ್ಲಿ ಅವಳನ್ನ ಯಾರು ನೋಡ್ಕೊಂಡ್ರು?" ಲೇಖಕಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ವಿಮರ್ಶಕರು ಯಾರೂ ಇದನ್ನು ಕೇಳಿರಲಿಲ್ಲ ಎಂದರು. ಆಮೇಲೆ ತಮ್ಮ ತಾಯಿಯ ಕಥೆ ಹೇಳಿದರು, ಅದನ್ನು ಯಾಕೆ ಬರೆಯಲಾಗಲಿಲ್ಲ ಎಂದೂ ಹೇಳಿದರು. ಇಡೀ ಕೋಣೆ ಮುಂದಕ್ಕೆ ಬಾಗಿ ಕೇಳುತ್ತಿತ್ತು. ಕಾರ್ಯಕ್ರಮ ಮುಗಿದ ಮೇಲೆ ಅಲ್ಲಿಯ ಗ್ರಂಥಪಾಲಕರು ಆ ಪುಸ್ತಕದ ಕೊನೆಯಲ್ಲಿ ಅಂಟಿಸಿದ ಚೀಟಿ ತೋರಿಸಿದರು, ವಾಪಸು ಕೊಡುವ ದಿನಾಂಕದ ಮೊಹರು ಹಾಕುವ ಚೀಟಿ. ವರ್ಷಗಟ್ಟಲೆ ಅದರಲ್ಲಿ ಒಂದೆರಡೇ ಮೊಹರಿದ್ದವು. ಸಂವಾದದ ಸುದ್ದಿ ಬೋರ್ಡಿಗೆ ಹಾಕಿದ ಮೇಲೆ ಒಂದರ ಕೆಳಗೆ ಒಂದು ಮೊಹರು ಬಿದ್ದಿತ್ತು. ನೇರಳೆ ಶಾಯಿ ಇನ್ನೂ ಹಸಿಯಾಗಿತ್ತು. ಯೂಟ್ಯೂಬಿನಲ್ಲಿ ಆ ಹೆಂಗಸು ಈ ಪ್ರಶ್ನೆ ಕೇಳಲು ಆಗುತ್ತಿತ್ತೇ? ಸಮ್ಮೇಳನದ ಪೆಂಡಾಲಿನಲ್ಲಿ ಅವರ ಕೈಗೆ ಯಾರು ಮೈಕು ಕೊಡುತ್ತಿದ್ದರು?

ಡಿವಿಜಿ ಅವರ ಉದಾಹರಣೆ ಇನ್ನೂ ದೊಡ್ಡದು. 1945ರಲ್ಲಿ ಅವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಅಲ್ಲಿ ಪುಸ್ತಕ ಭಂಡಾರವೂ ಇತ್ತು, ಉಪನ್ಯಾಸ, ಅಧ್ಯಯನ ಗೋಷ್ಠಿಗಳೂ ಇದ್ದವು. ಭಗವದ್ಗೀತೆಯ ಬಗ್ಗೆ ಅವರು ಅಲ್ಲಿ ಮಾತಾಡುತ್ತಾ ಹೋದರು, ಕೇಳಿದವರು ಬರೆದುಕೊಂಡರು. ಅದರಿಂದ ಹುಟ್ಟಿದ್ದು ‘ಜೀವನಧರ್ಮಯೋಗ’. 1967ರಲ್ಲಿ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1970ರಲ್ಲಿ ಸನ್ಮಾನ ಮಾಡಿ ಕೊಟ್ಟ ದೊಡ್ಡ ಮೊತ್ತವನ್ನು ಡಿವಿಜಿ ಮನೆಗೆ ಒಯ್ಯಲಿಲ್ಲ, ಇದೇ ಸಂಸ್ಥೆಗೆ ಕೊಟ್ಟರು. ಪುಸ್ತಕಗಳ ಪಕ್ಕದಲ್ಲಿ ಜನ ಕೂತು ಮಾತಾಡುವ ಜಾಗಕ್ಕೆ ಅವರು ಕೊಟ್ಟ ಬೆಲೆ ಅದು. ಅಲ್ಲಿ ಮಾತು ನಡೆಯದೆ ಇದ್ದಿದ್ದರೆ ಆ ಪುಸ್ತಕವೇ ನಮಗೆ ಸಿಗುತ್ತಿರಲಿಲ್ಲ.

ಹೊರಗಿನವರೂ ಇದನ್ನು ಚೆನ್ನಾಗಿ ಮಾಡಿದ್ದಾರೆ. ಅಮೆರಿಕದ ಸಿಯಾಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ನ್ಯಾನ್ಸಿ ಪರ್ಲ್ ಎಂಬ ಗ್ರಂಥಪಾಲಕಿ 1998ರಲ್ಲಿ ಊರಿಗೆಲ್ಲ ಒಂದೇ ಕಾದಂಬರಿ ಓದಿ ಎಂದರು. ಜನ ಮೊದಲು ಓದಿದರು, ಗುಂಪು ಸೇರಿ ಚರ್ಚೆ ಮಾಡಿದರು, ಲೇಖಕರು ಬಂದು ಮಾತಾಡಿದರು. 2001ರಲ್ಲಿ ಶಿಕಾಗೊ ಕೂಡ ಅದನ್ನೇ ಮಾಡಿತು. ಅಷ್ಟು ದೂರ ಯಾಕೆ, ಪಕ್ಕದ ಕೇರಳ ನೋಡಿ. 1945ರಲ್ಲಿ ಅಂಬಲಪ್ಪುಳದಲ್ಲಿ ಪಿ. ಎನ್. ಪಣಿಕ್ಕರ್ 47 ಲೈಬ್ರರಿಗಳನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಅವರು ತೀರಿಕೊಂಡ ಜೂನ್ 19ನ್ನು ಇಂದಿಗೂ ಅಲ್ಲಿ ವಾಚನ ದಿನ ಎಂದು ಆಚರಿಸುತ್ತಾರೆ. ಅಲ್ಲಿಯ ಹಳ್ಳಿ ಲೈಬ್ರರಿಗಳನ್ನು ಊರಿನವರ ಸಮಿತಿಯೇ ನಡೆಸುತ್ತದೆ. ಪುಸ್ತಕ ಚರ್ಚೆ, ನಾಟಕ, ಉಪನ್ಯಾಸ ಎಲ್ಲ ಅಲ್ಲೇ. ನಮ್ಮಲ್ಲಿ ಲೈಬ್ರರಿ ಎಂದರೆ ಇಲಾಖೆಯ ಆಫೀಸು ಎಂಬ ಭಾವನೆ ಬಂದುಬಿಟ್ಟಿದೆ. ಒಳಗೆ ಹೋಗಿ ಪೇಪರ್ ನೋಡುತ್ತೇವೆ, ಹೊರಗೆ ಬರುತ್ತೇವೆ. ನಮ್ಮದು ಅನ್ನಿಸುವುದಿಲ್ಲ.

ಇಲ್ಲಿ ನನ್ನ ಇನ್ನೊಂದು ಸಂಕಟವನ್ನೂ ಹೇಳಿಬಿಡುತ್ತೇನೆ. ಸಾಹಿತ್ಯ ಕಾರ್ಯಕ್ರಮ ಎಂದರೆ ನಿಮ್ಮಂಥ ಓದುಗರೂ ಮುಖ ಸಿಂಡರಿಸುವ ಹಾಗೆ ಮಾಡಿದವರು ನಾವೇ, ಸಾಹಿತ್ಯದ ಮಂದಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ನಾಲ್ಕು ಜನ ಮುಖ್ಯ ಅತಿಥಿಗಳು, ಒಬ್ಬೊಬ್ಬರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಪುಸ್ತಕದ ಬಗ್ಗೆ ಮಾತು ಶುರುವಾಗುವ ಹೊತ್ತಿಗೆ ಕೊನೆಯ ಬಸ್ಸಿನ ಸಮಯ ಆಗಿರುತ್ತದೆ. ವೇದಿಕೆಯ ಮೇಲಿರುವವರಲ್ಲಿ ಪುಸ್ತಕ ಓದಿದವರು ಒಬ್ಬರೋ ಇಬ್ಬರೋ. ಇದನ್ನು ಲೈಬ್ರರಿಯೊಳಗೆ ತಂದರೆ ನಾನೂ ನಿಮ್ಮ ಜೊತೆ ನಿಂತು ವಿರೋಧಿಸುತ್ತೇನೆ. ಓದಿದವರು ಕೇಳಬೇಕು, ಬರೆದವರು ಉತ್ತರ ಕೊಡಬೇಕು. ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಆ ಶಾಲು ಹಾರದ ದುಡ್ಡಿನಲ್ಲಿ ಲೇಖಕರಿಗೆ ಬಸ್ ಚಾರ್ಜು ಕೊಡಬಹುದು. ಎಷ್ಟೋ ಕಡೆ ಅದನ್ನೂ ಕೊಡುವುದಿಲ್ಲ. ಡೆನ್ಮಾರ್ಕಿನಲ್ಲಿ 1946ರಿಂದ ಲೈಬ್ರರಿಯಲ್ಲಿರುವ ಪುಸ್ತಕಕ್ಕಾಗಿ ಲೇಖಕರಿಗೆ ಹಣ ಕೊಡುವ ಪದ್ಧತಿ ಇದೆ. ಬ್ರಿಟನ್ 1979ರಲ್ಲಿ ಇದಕ್ಕಾಗಿ ಕಾನೂನನ್ನೇ ಮಾಡಿತು. ಅಲ್ಲಿ ಲೈಬ್ರರಿಯಿಂದ ಪುಸ್ತಕ ಎರವಲು ಹೋದಷ್ಟೂ ಲೇಖಕರಿಗೆ ಹಣ ಬರುತ್ತದೆ. ನಮ್ಮಲ್ಲಿ ಒಂದು ಪ್ರತಿ ನೂರು ಜನರ ಕೈ ದಾಟಿದರೂ ಬರೆದವರಿಗೆ ಗೊತ್ತೇ ಆಗುವುದಿಲ್ಲ. ಹಣ ಹಾಗಿರಲಿ, ನೂರು ಜನ ಓದಿದ್ದಾರೆ ಎಂಬ ಸುದ್ದಿಯಾದರೂ ಮುಟ್ಟಬೇಡವೇ? ಸಂವಾದದ ಭಾನುವಾರ ಆ ಸುದ್ದಿ ಮುಟ್ಟುತ್ತದೆ.

ಹಣವಿಲ್ಲ ಎಂದು ಅಧಿಕಾರಿಗಳು ಹೇಳಬಹುದು. ನೀವು ಬ್ಯಾಂಕಿನಲ್ಲಿದ್ದವರು, ಲೆಕ್ಕ ನಿಮಗೆ ಬೇಗ ಅರ್ಥವಾಗುತ್ತದೆ. ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಸಾಲು ಇರುತ್ತದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದದ್ದು 1965ರಲ್ಲಿ, ಈ ಕರಕ್ಕೆ ಆಧಾರ ಅದೇ. ಈಗ ಅದು ನೂರಕ್ಕೆ 6 ರೂಪಾಯಿ. ನಿಮ್ಮ ತೆರಿಗೆ 5,000 ಆದರೆ ಲೈಬ್ರರಿಗೆಂದು ಕೊಡುವುದು 300. ಹೀಗೆ ಸಂಗ್ರಹವಾದ ಹಣ ಸ್ಥಳೀಯ ಸಂಸ್ಥೆಗಳಿಂದ ಗ್ರಂಥಾಲಯ ಇಲಾಖೆಗೆ ಪೂರ್ತಿ ಬರುತ್ತಿಲ್ಲ ಎಂಬ ಸುದ್ದಿಯನ್ನು ವರ್ಷಗಳಿಂದ ಓದುತ್ತಲೇ ಇದ್ದೇವೆ. ನನಗೆ ಸಿಟ್ಟು ಬರುವುದು ಇದಕ್ಕೆ. ಜನ ಕೊಟ್ಟಿದ್ದಾರೆ, ಲೈಬ್ರರಿಗೆ ತಲುಪಿಲ್ಲ. ಆ ಹಣ ಸರಿಯಾಗಿ ಬಂದರೆ ಪರೀಕ್ಷೆಯ ಹುಡುಗರಿಗೆ ಬೇರೆ ಕೋಣೆಯೂ ಆಗುತ್ತದೆ, ಸಂವಾದಕ್ಕೆ ಜಾಗವೂ ಆಗುತ್ತದೆ. ಒಂದೇ ಕೋಣೆಗೆ ನೀವೂ ಲೇಖಕರೂ ಕಿತ್ತಾಡಬೇಕಾಗಿಲ್ಲ.

ಹಳ್ಳಿಗಳಲ್ಲಿ ಒಳ್ಳೆಯ ಕೆಲಸವೂ ನಡೆದಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಹೋದವು. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಅವುಗಳನ್ನು ಅರಿವು ಕೇಂದ್ರ ಎನ್ನುತ್ತಾರೆ. ಶಾಲೆ ಬಿಟ್ಟ ಮೇಲೆ ಚಾಪೆ ಹಾಸಿಕೊಂಡು ಮಕ್ಕಳು ಗಟ್ಟಿಯಾಗಿ ಕಥೆ ಓದುವುದನ್ನು ಒಮ್ಮೆ ಹೋಗಿ ನೋಡಿ. ಒಬ್ಬಳು ಓದುತ್ತಾಳೆ, ಇನ್ನೊಬ್ಬ ನಡುವೆ ಬಾಯಿ ಹಾಕುತ್ತಾನೆ. ಅಲ್ಲಿಗೆ ಮಕ್ಕಳ ಲೇಖಕರೊಬ್ಬರು ಬಂದು ಕೂತರೆ ಹೇಗಿರುತ್ತದೆ ಯೋಚಿಸಿ. ಎಷ್ಟೋ ಮಕ್ಕಳಿಗೆ ಪುಸ್ತಕ ಬರೆದವರು ಜೀವಂತ ಇರುತ್ತಾರೆ ಎಂಬುದೇ ಗೊತ್ತಿಲ್ಲ. ಪಠ್ಯದಲ್ಲಿ ಬರುವ ಕವಿಗಳೆಲ್ಲ ಜನನ, ಮರಣದ ಇಸವಿಯ ಜೊತೆಗೇ ಬರುತ್ತಾರಲ್ಲ!

ಈಗ ನಿಮಗೊಂದು ಕೆಲಸ ಒಪ್ಪಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ದೂರು ಬರೆದ ಅದೇ ಪೆನ್ನಿನಲ್ಲಿ ನಿಮ್ಮ ಗ್ರಂಥಾಲಯ ಪ್ರಾಧಿಕಾರಕ್ಕೆ ಒಂದು ಅರ್ಜಿ ಬರೆಯಿರಿ. ನಗರವಾದರೆ ನಗರ ಪ್ರಾಧಿಕಾರ, ಇಲ್ಲದಿದ್ದರೆ ಜಿಲ್ಲಾ ಪ್ರಾಧಿಕಾರ. ಪರೀಕ್ಷೆಗೆ ಓದುವವರಿಗೆ ಬೇರೆ ಕೋಣೆ ಕೊಡಿ ಎಂದು ಕೇಳಿ. ಸಂವಾದಕ್ಕೆ ಒಂದು ತಿಂಗಳು ಮೊದಲೇ ಆ ಲೇಖಕರ ಪುಸ್ತಕದ ಹತ್ತು ಪ್ರತಿ ತರಿಸಿ, ಮೈಕು ಬೇಡ, ಶಾಲು ಬೇಡ, ಬಸ್ ಚಾರ್ಜು ಮತ್ತು ಗೌರವಧನ ಕೊಡಿ ಎಂದೂ ಬರೆಯಿರಿ. ಗ್ರಂಥಾಲಯ ಕರ ಎಷ್ಟು ಸಂಗ್ರಹವಾಯಿತು, ಎಷ್ಟು ಬಂತು ಎಂಬ ಲೆಕ್ಕ ಕೇಳುವುದನ್ನು ಮರೆಯಬೇಡಿ. ಒಂದು ಪ್ರತಿ ನಮಗೆ ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ. ಉತ್ತರ ಬಂದರೆ ಅದನ್ನೂ ಹಾಕುತ್ತೇವೆ. ಇನ್ನು ಮುಂದಿನ ಭಾನುವಾರಕ್ಕೆ ಯಾರು ಬರುತ್ತಿದ್ದಾರೆ ಎಂದು ಗ್ರಂಥಪಾಲಕರನ್ನು ಇವತ್ತೇ ವಿಚಾರಿಸಿ, ಅವರ ಒಂದು ಪುಸ್ತಕ ಎರವಲು ತನ್ನಿ. ಓದಿದ ಮೇಲೆ ಅದು ಇಷ್ಟವಾಗದಿದ್ದರೆ ಮುಂದಿನ ಸಾಲಿನಲ್ಲೇ ಕೂತು, ಯಾಕೆ ಇಷ್ಟವಾಗಲಿಲ್ಲ ಎಂದು ಅವರಿಗೇ ಹೇಳಿ.

– ಸಂಪಾದಕ