ಸಕ್ಕರೆ ಶುಂಠಿ: ಗಟ್ಟಿಯಾದದ್ದೇಕೆ, ಅಂಟಾದದ್ದೇಕೆ?

ಪ್ರಶ್ನೆ: ಹಸಿ ಶುಂಠಿಯ ಹೋಳುಗಳನ್ನು ಸಕ್ಕರೆ ಪಾಕದಲ್ಲಿ ಕುದಿಸಿ ಒಣಗಿಸಿದೆ. ಸುಕ್ಕುಗಟ್ಟಿ ಚರ್ಮದ ಹಾಗೆ ಆದವು, ನಾರು ಹಲ್ಲಿಗೆ ಸಿಗುತ್ತದೆ. ಮೆತ್ತಗೆ ಆಗಬೇಕಾದರೆ ಏನು ಮಾಡಬೇಕು?
– ಓದುಗರು, ಜಮಖಂಡಿ

ಉತ್ತರ: ನೀವು ಬೇಯಿಸದೆ ಪಾಕಕ್ಕೆ ಹಾಕಿದ್ದೇ ಕಾರಣ. ಹಸಿ ಹೋಳಿನಲ್ಲಿರುವ ನೀರನ್ನು ಸಕ್ಕರೆ ಹೊರಗೆಳೆಯುತ್ತದೆ, ಆದರೆ ತಾನು ಒಳಗಿಳಿಯುವುದು ಬಹಳ ನಿಧಾನ. ಹಾಗೆ ಕುಗ್ಗಿದ ಶುಂಠಿ ಆಮೇಲೆ ಎಷ್ಟು ಕುದಿಸಿದರೂ ಮೆತ್ತಗಾಗದು. ಬೇಯಿಸುವ ಕೆಲಸವೆಲ್ಲ ಬರೀ ನೀರಿನಲ್ಲೇ ಮುಗಿಯಬೇಕು.

ಸಂತೆಯಲ್ಲಿ ಎಳೆಯ ಶುಂಠಿ ಆರಿಸಿ. ಉಗುರು ತಾಗಿದರೆ ಸಿಪ್ಪೆ ಬರಬೇಕು, ಮುರಿದರೆ ಎಳೆಗಳು ಜೋತಾಡಬಾರದು. ಅರ್ಧ ಕಿಲೋ ಶುಂಠಿಯ ಸಿಪ್ಪೆಯನ್ನು ಚಮಚದ ಅಂಚಿನಿಂದ ಕೆರೆದು, ನಾರಿಗೆ ಅಡ್ಡಲಾಗಿ 3 ಮಿ.ಮೀ. ದಪ್ಪದ ಬಿಲ್ಲೆ ಕೊಯ್ಯಿರಿ. ಉದ್ದಕ್ಕೆ ಕೊಯ್ದರೆ ನಾರು ಹಾಗೇ ಉಳಿಯುತ್ತದೆ. ಮುಳುಗುವಷ್ಟು ನೀರಿನಲ್ಲಿ 35–40 ನಿಮಿಷ ಬೇಯಿಸಿ. ಬಲಿತ ಶುಂಠಿಗೆ ಒಂದು ಗಂಟೆಯೂ ಬೇಕಾದೀತು. ಗಡಿಯಾರಕ್ಕಿಂತ ಚಾಕುವನ್ನು ನಂಬಿ: ತುದಿ ಸಲೀಸಾಗಿ ಇಳಿಯಬೇಕು. ಖಾರ ತಡೆಯದವರು ಹತ್ತು ನಿಮಿಷಕ್ಕೆ ಮೊದಲ ನೀರು ಬಸಿದು ಹೊಸ ನೀರು ಹಾಕಲಿ.

ಬೆಂದದ್ದನ್ನು ಬಸಿದು ತೂಗಿ. ಅಷ್ಟೇ ತೂಕದ ಸಕ್ಕರೆ, ಬಸಿದ ನೀರಿನಲ್ಲಿ ಕಾಲು ಕಪ್ಪು, ಶುಂಠಿ ಎಲ್ಲವನ್ನೂ ದಪ್ಪ ತಳದ ಅಗಲ ಪಾತ್ರೆಗೆ ಹಾಕಿ ಮಧ್ಯಮ ಉರಿಯಲ್ಲಿಡಿ. ಗುಳ್ಳೆಗಳು ದೊಡ್ಡದಾಗಿ, ಎರಡೆಳೆ ಪಾಕ ಬಂದಾಗ ಉರಿ ಆರಿಸಿ, ಕೈಬಿಡದೆ ತಿರುವಿ. ಕೆಲವೇ ನಿಮಿಷಗಳಲ್ಲಿ ಪಾಕ ಬೆಳ್ಳಗಾಗಿ ಹರಳುಗಟ್ಟಿ, ಬಿಲ್ಲೆಗಳು ಬಿಡಿಬಿಡಿಯಾಗುತ್ತವೆ. ಜಾಲರಿಯ ಮೇಲೆ ಹರವಿ. ತಳದಲ್ಲಿ ಉಳಿದ ಸಕ್ಕರೆ ಚಹಾಕ್ಕೆ ಬಲು ರುಚಿ, ಚೆಲ್ಲಬೇಡಿ.

ಪ್ರಶ್ನೆ: ಥರ್ಮಾಮೀಟರ್ ಇಟ್ಟು 107 ಡಿಗ್ರಿವರೆಗೆ ಕಾಯಿಸಿದೆ, ಬಣ್ಣ ಚೆನ್ನಾಗಿರಲೆಂದು ನಿಂಬೆರಸವನ್ನೂ ಹಿಂಡಿದೆ. ಪಾಕ ಕೆಂಪಾಯಿತು, ಹರಳುಗಟ್ಟಲಿಲ್ಲ. ಒಂದು ವಾರವಾದರೂ ಅಂಟು ಹೋಗಿಲ್ಲ.
– ಓದುಗರು, ಬೆಳಗಾವಿ

ಉತ್ತರ: ನಿಂಬೆರಸ ಬೇಡವೇ ಬೇಡ. ಹುಳಿ ಬಿದ್ದು ಕುದಿದ ಸಕ್ಕರೆಯಲ್ಲಿ ಒಂದಷ್ಟು ಪಾಲು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ. ಅವು ಹರಳುಗಟ್ಟಲು ಬಿಡುವುದಿಲ್ಲ, ಗಾಳಿಯ ತೇವವನ್ನೂ ಹೀರುತ್ತವೆ. ಇನ್ನು 107 ಸಮುದ್ರಮಟ್ಟದ ಲೆಕ್ಕ. ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ನೀರು 97–98 ಡಿಗ್ರಿಗೇ ಕುದಿಯುತ್ತದೆ. ಕುದಿವ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ನೋಡಿ, ಅದಕ್ಕೆ 7 ಸೇರಿಸಿ. ನಿಮಗೆ 104–105 ಸಾಕು. ಅದನ್ನು ಮೀರಿ ಕಾಯಿಸಿದರೆ ಪಾಕದ ಹದ ಮೀರುತ್ತದೆ.

ಮಳೆಗಾಲವಾದರೆ ನಿಮ್ಮೂರಿನ ಹವೆಯಲ್ಲಿ ಹೊರಗಿಟ್ಟು ಒಣಗಿಸುವ ಆಸೆ ಬಿಡಿ. 60 ಡಿಗ್ರಿ ಓವನ್‌ನಲ್ಲಿ ಬಾಗಿಲು ತುಸು ತೆರೆದು ಎರಡು ಗಂಟೆ ಇಡಿ. ವಿಜಯಪುರದ ಬೇಸಿಗೆಯಲ್ಲಾದರೆ ಫ್ಯಾನ್ ಕೆಳಗೆ ಒಂದು ರಾತ್ರಿ ಸಾಕು. ಪೂರ್ತಿ ಆರಿದ ಮೇಲಷ್ಟೇ ಗಾಜಿನ ಡಬ್ಬಿಗೆ ತುಂಬಿ. ಬಿಸಿಯಿದ್ದಾಗ ಮುಚ್ಚಿದರೆ ಒಳಗೆ ಬೆವರಿ ಮತ್ತೆ ಅಂಟು.

ಪ್ರಶ್ನೆ: ನಮ್ಮಲ್ಲಿ ಒಳ್ಳೆಯ ಬೆಲ್ಲ ಸಿಗುತ್ತದೆ. ಸಕ್ಕರೆ ಬದಲು ಅದನ್ನೇ ಹಾಕಬಹುದೇ?
– ಓದುಗರು, ಮಹಾಲಿಂಗಪುರ

ಉತ್ತರ: ಹಾಕಬಹುದು, ಆದರೆ ಬಿಡಿ ಬಿಲ್ಲೆ ಆಗುವುದಿಲ್ಲ. ಒಡೆದ ಸಕ್ಕರೆ ಬೆಲ್ಲದಲ್ಲಿ ಮೊದಲೇ ಇರುತ್ತದೆ. ಬೆಂದ ಶುಂಠಿಯನ್ನು ಸೋಸಿದ ಬೆಲ್ಲದ ಪಾಕದಲ್ಲಿ ಒಂದೆಳೆವರೆಗೆ ಕಾಯಿಸಿ, ಪಾಕದ ಸಮೇತ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ. ರೊಟ್ಟಿಯ ಜೊತೆ ಇದೇ ಹೆಚ್ಚು ರುಚಿ.