ಮಗು ಬೆರಳಿಟ್ಟು ಸ್ಪೀಕರ್ ಬಾಕ್ಸಿನ ವೂಫರ್ (ಬಾಸ್ ಹಾಡೋ ದೊಡ್ಡ ಸ್ಪೀಕರ್) ನಡುವಿನ ಕ್ಯಾಪ್, ಅಂದರೆ ಧೂಳು ತಡೆಯೋ ಉಬ್ಬಿದ ಮುಚ್ಚಳ, ತಗ್ಗಾಗಿದೆ. ರಿಪೇರಿ ಮಾಡಿಸಲಾ, ಹೊಸದು ಹಾಕಿಸಲಾ?

ಬರೀ ಕ್ಯಾಪ್ ತಗ್ಗಾಗಿದ್ದರೆ ಎರಡೂ ಬೇಡ. ನಾವು ಮೈಸೂರಿನ ಸರಸ್ವತಿಪುರಂನಲ್ಲಿದ್ದಾಗ, ದಸರಾ ರಜೆಗೆ ಬಂದಿದ್ದ ಅಕ್ಕನ ಮಗ ಇದೇ ಕೆಲಸ ಮಾಡಿದ್ದ. ವೂಫರ್ ಕ್ಯಾಪೂ ತಗ್ಗು, ಮೇಲಿದ್ದ ಟ್ವೀಟರೂ (ಏರು ಸ್ವರ ಹಾಡೋ ಪುಟ್ಟ ಸ್ಪೀಕರ್) ತಗ್ಗು. ಹಾಡು ಹಾಕಿದರೆ ಎರಡೂ ಮೊದಲಿನ ಹಾಗೇ ಕೇಳ್ತಿದ್ದವು. ಆದರೂ ನೋಡಿದಾಗಲೆಲ್ಲ ಹೊಟ್ಟೆ ಉರೀತಿತ್ತು. ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದರೆ ಸರಿಹೋಗುತ್ತೆ ಅಂತ ಸ್ನೇಹಿತರೊಬ್ಬರು ಹೇಳಿದರು. ವೂಫರಿಗೆ ಪೈಪ್ ಹಿಡಿದೆ, ಪಟ್ ಅಂತ ಈಚೆ ಬಂತು. ಅದೇ ಧೈರ್ಯದಲ್ಲಿ ಟ್ವೀಟರಿಗೂ ಹಿಡಿದೆ.

ಹಿಡಿಯಬಾರದಿತ್ತು. ವೂಫರ್ ಕಾಯಿಲನ್ನು, ಅಂದರೆ ಆಯಸ್ಕಾಂತದೊಳಗೆ ಆಡೋ ತಂತಿ ಸುರುಳಿಯನ್ನು, ಹಿಂದಿನಿಂದ ಸ್ಪೈಡರ್ ಅನ್ನೋ ಸುಕ್ಕುಸುಕ್ಕಾದ ಬಟ್ಟೆ ಬಿಲ್ಲೆ, ಮುಂದಿನಿಂದ ಅಂಚಿನ ರಬ್ಬರ್ ಎರಡೂ ಹಿಡಿದಿರುತ್ತವೆ, ಎಳೆತ ತಡೆದುಕೊಳ್ಳುತ್ತೆ. ಟ್ವೀಟರಿನಲ್ಲಿ ಸ್ಪೈಡರೇ ಇರಲ್ಲ. 25 ಮಿಲಿಮೀಟರ್ ಅಗಲದ ತೆಳ್ಳನೆ ಬಟ್ಟೆ ಗುಮ್ಮಟ, ಅದರ ಅಂಚಿಗೇ ಕಾಯಿಲ್ ಅಂಟಿರುತ್ತೆ. ಕಾಯಿಲಿನಿಂದ ಹೊರಗೆ ಬರೋ ತಂತಿ ಕೂದಲೆಳೆಯಷ್ಟು ಸಣ್ಣ. ಗುಮ್ಮಟ ಎಳೆದರೆ ಕಾಯಿಲೂ ಜೊತೆಗೇ ಏಳುತ್ತೆ. ನಮ್ಮದರಲ್ಲಿ ಅಂಚಿನ ಅಂಟು ಬಿಟ್ಟು, ತಂತಿ ತುಂಡಾಯ್ತು. ಮಲ್ಟಿಮೀಟರ್ ಹಿಡಿದರೆ ಓಪನ್, ಅಂದರೆ ಕರೆಂಟ್ ಹರಿಯೋ ದಾರಿಯೇ ಇಲ್ಲ. ಅದೇ ಮಾಡೆಲ್ ಸಿಗದೆ ಎರಡೂ ಬಾಕ್ಸಿನ ಟ್ವೀಟರ್ ಬದಲಾಯಿಸಬೇಕಾಯ್ತು. ಚೆನ್ನಾಗಿ ಹಾಡ್ತಿದ್ದ ಟ್ವೀಟರ್ ಅದು!

ನಿಮ್ಮ ವೂಫರಿಗೆ ಬರೋಣ. 200 ಹರ್ಟ್ಜ್ ಸ್ವರದ ಅಲೆಯ ಉದ್ದ ಸುಮಾರು 1.7 ಮೀಟರ್. ಅದರ ಮುಂದೆ ಒಂದು ಸೆಂಟಿಮೀಟರ್ ತಗ್ಗು ಲೆಕ್ಕಕ್ಕೇ ಇಲ್ಲ. 10,000 ಹರ್ಟ್ಜ್‌ನಲ್ಲಿ ಅಲೆ ಮೂರೂವರೆ ಸೆಂಟಿಮೀಟರಿಗಿಂತ ಕಮ್ಮಿ, ಅಲ್ಲಿ ಆಕಾರ ಕೆಟ್ಟರೆ ನಾದದಲ್ಲಿ ವ್ಯತ್ಯಾಸ ಬರಬಹುದು. ಆದರೆ ಆ ಸ್ವರ ಹಾಡೋದು ಟ್ವೀಟರ್. ಹಾಗಾಗಿ ಟ್ವೀಟರ್ ಇಲ್ಲದ, ಒಂಟಿ ಕೋನಿನ (ಅಲುಗಿ ಸದ್ದು ಮಾಡೋ ಬಟ್ಟಲಿನಂಥ ಭಾಗ) ಸ್ಪೀಕರ್ ಆದರೆ ಮಾತ್ರ ಕ್ಯಾಪಿನ ತಗ್ಗಿಗೆ ಸ್ವಲ್ಪ ಗಮನ ಕೊಡಿ.

ನೋಡಬೇಕಾದ್ದು ಕಾಯಿಲ್. ಆಂಪ್ಲಿಫೈಯರ್ ಆಫ್ ಮಾಡಿ, ಕ್ಯಾಪಿನ ಸುತ್ತ ಬೆರಳುಗಳನ್ನು ಸಮವಾಗಿಟ್ಟು ಕೋನನ್ನು ಮೆಲ್ಲಗೆ ಒಳಗೊತ್ತಿ ಬಿಡಿ. ಸದ್ದಿಲ್ಲದೆ ಆಡಿದರೆ ಕ್ಷೇಮ. ಕರಕರ ಅಂದರೆ ಕಾಯಿಲ್ ವಾರೆಯಾಗಿ ಆಯಸ್ಕಾಂತದ ಸಂದಿಗೆ ಉಜ್ಜುತ್ತಿದೆ. ಆಗ ಹಾಡಿಸೋದು ನಿಲ್ಲಿಸಿ, ಉಜ್ಜಿ ಉಜ್ಜಿ ತಂತಿಯ ಲೇಪ ಕಿತ್ತು ಶಾರ್ಟ್ ಆಗುತ್ತೆ. ಕೋನ್, ಕಾಯಿಲ್ ಹೊಸದಾಗಿ ಕೂರಿಸೋ ಸೌಂಡ್ ಸರ್ವೀಸ್ ಅಂಗಡಿಗೆ ಕೊಡಿ. ಕೋನ್ ಸೀಳಿದೆಯಾ, ಅಂಚಿನ ಫೋಮ್ ಪುಡಿಯಾಗಿದೆಯಾ ಅಂತಲೂ ಟಾರ್ಚ್ ಬಿಟ್ಟು ನೋಡಿ, ಬಾಸ್ ಬಂದಾಗ ಝುರ್ ಅನ್ನೋದು ಹೆಚ್ಚಾಗಿ ಅಲ್ಲಿಂದಲೇ.

ಏನೂ ಇಲ್ಲದಿದ್ದರೆ ಕ್ಯಾಪ್ ಹಾಗೇ ಬಿಡಿ. ದುಡ್ಡು ಹಾಕೋದಿದ್ದರೆ ಟ್ವೀಟರ್ ಮುಂದೆ ಒಂದು ಜಾಲರಿ ಹಾಕಿಸಿ, ಮಗುವಿನ ಬೆರಳು ಇನ್ನೂ ಅಲ್ಲಿಗೆ ಹೋಗಿಲ್ಲ.